ಇರುವೆಯ ತುತ್ತು

ಸೊಸೆಯರ ತವರನ್ನು ತೊಳೆದುಹಾಕುವ ಊರೊಂದಿತ್ತಂತೆ. ಮದುವೆಯಾದ ವಾರದೊಳಗೆ ಹುಡುಗಿಯ ತಲೆಯಿಂದ ತವರಿನ ನೆನಪು ತೆಗೆದು, ಗಂಡನ ಮನೆಯ ಬಾಲ್ಯ ತುಂಬುವ ಯಂತ್ರ ಅಲ್ಲಿ ಮಿಕ್ಸರಿನಷ್ಟೇ ಮಾಮೂಲು. ಆ ಊರಿಗೆ ಸೊಸೆಯಾಗಿ ಹೊರಡುವಾಗ ನೀಲವ್ವ ತವರಿನ ಅಜ್ಜಿಗೆ ಮಾತು ಕೊಟ್ಟಿದ್ದಳು: ಆ ಮನೆಯಲ್ಲೂ ತಾನು ಉಣ್ಣುವ ಮೊದಲು ಇರುವೆಗೊಂದು ತುತ್ತು ಮುಟ್ಟಿಸುತ್ತೇನೆ ಎಂದು.

ಈಗ ಅವಳ ನೆನಪಿನಲ್ಲಿ ಅಜ್ಜಿಯೂ ಇಲ್ಲ, ಕೊಟ್ಟ ಮಾತೂ ಇಲ್ಲ. ಚಿಕ್ಕವಳಿದ್ದಾಗ ಈ ಮನೆಯ ಅಟ್ಟದಿಂದ ಬಿದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ. ಆದರೂ ಊಟಕ್ಕೆ ಕೂತರೆ ಕೈ ತಾನಾಗಿ ರೊಟ್ಟಿ ಮುರಿದು ತಾಟಿನ ಹೊರಗಿಡುತ್ತದೆ. ಇರುವೆ ಬರುವ ಮೊದಲೇ ಅತ್ತೆ ಗಿರಿಜವ್ವ ಅದನ್ನು ಬಚ್ಚಲಿಗೆ ಒದ್ದು, ಸೊಸೆಯನ್ನು ಮತ್ತೆ ಯಂತ್ರಕ್ಕೆ ಕೂರಿಸುತ್ತಾಳೆ.

"ಇವತ್ತೂ ಇಟ್ಟಿಯೇನ? ಯಾರ ಕಲಿಸ್ಯಾರ ನಿನಗ?"

"ಗೊತ್ತಿಲ್ರಿ ಅತ್ತಿ."

"ಇನ್ನೊಮ್ಮೆ ತೊಳಸಿದ್ರ ನಿನ್ನ ಹೆಸರೂ ನಿನಗ ನೆನಪಿರೂದಿಲ್ಲ, ನೋಡ."

"ತೊಳಸ್ರಿ. ತಲಿ ನಿಮ್ಮ ಮಾತ ಕೇಳ್ತತಿ, ಕೈ ಕೇಳವಲ್ದು."

ಗಿರಿಜವ್ವ ಕಾಲೆತ್ತಿದಳು. ನೀಲವ್ವ ತುತ್ತಿನ ಮೇಲೆ ಅಂಗೈ ಬೋರಲು ಹಾಕಿದಳು. ಹಿಮ್ಮಡಿ ಬೆರಳುಗಳನ್ನು ತುಳಿದು ನಿಂತಿತು. ಅತ್ತೆಯ ಮುಖವನ್ನೇ ದಿಟ್ಟಿಸುತ್ತ ಅವಳು ಕದಲದೆ ಕೂತಳು. ಎಷ್ಟೋ ಹೊತ್ತಿನ ಮೇಲೆ ಅಂಗೈಯೊಳಗೆ ಕಚಗುಳಿಯಾಯಿತು. ಹೆಬ್ಬೆರಳ ಸಂದಿಯಿಂದ ಇರುವೆಯೊಂದು ರೊಟ್ಟಿಯ ಚೂರನ್ನು ಹೊತ್ತು ಹೊರಬಂದು ಗೋಡೆಯ ಬಿರುಕು ಸೇರಿತು.

ನೀಲವ್ವ ಇನ್ನೊಂದು ಕೈಯಿಂದ ಊಟ ಶುರುಮಾಡಿದಳು.