ಹುಣಸೆ ಮರ ಅಡ್ಡ ಬಂತು

ಜೆಸಿಬಿಯ ತೋಳು ಹುಣಸೆ ಮರದತ್ತ ಎದ್ದಿತ್ತು. ಇಂದು, ಮುನಿಶಾಮಪ್ಪನ ಮೊಮ್ಮಗಳು, ಓಡಿ ಬಂದು ಅದರ ಮುಂದೆ ಕೈ ಚಾಚಿ ನಿಂತಳು. “ತಾತಾ, ನಿಲ್ಸಕ್ಕೆ ಹೇಳು!”

ತಾತ ಮುನಿಶಾಮಪ್ಪನಿಗೆ ತಲೆಬುಡ ತಿಳಿಯಲಿಲ್ಲ. ತಟ್ಟೆ ಎಸೆದು ಬುಟ್ಟಿಗೆ ಬೀಳಿಸುವ ಡಿಸ್ಕ್ ಗಾಲ್ಫ್ ಚಾಂಪಿಯನ್‌ಶಿಪ್‌ಗೆ ಜಾಗ ಆರಿಸುವವರು ಬಾಗಲೂರಿನ ತನ್ನ ತೋಪಿಗೇ ಬರುತ್ತಾರೆ ಎಂದು ಮೊಮ್ಮಗಳು ಹೇಳಿದ ದಿನದಿಂದ ಅವನ ಕಾಲು ನೆಲದ ಮೇಲಿರಲಿಲ್ಲ; ತೋಪನ್ನು ಬಯಲು ಮಾಡಲು ಜೆಸಿಬಿಯನ್ನೂ ಅವನೇ ಕರೆಸಿದ್ದ. “ಆಟ ಅಂದ್ಮೇಲೆ ಬಯಲು ಬ್ಯಾಡ್ವೇನವ್ವಾ? ಬಂದೋರಿಗೆ ಇಂಗೆ ಕಾಡು ತೋರ್ಸಕ್ಕಾಯ್ತದಾ?”

ಈ ಮರಗಳನ್ನು ತೋರಿಸಲೆಂದೇ ತಾನು ಅವರನ್ನು ಕರೆದದ್ದು ಎಂದು ಹೇಳಲು ಇಂದು ಬಾಯಿ ತೆರೆಯುವಷ್ಟರಲ್ಲಿ, ಜಾಗ ಆರಿಸುವ ಸಮಿತಿಯ ದಾಕ್ಷಾಯಣಿ ಮೇಡಂ ಕಾರಿನಿಂದ ಇಳಿದೇಬಿಟ್ಟರು. ಇನ್ನು ಮಾತಿಗೆ ಹೊತ್ತೆಲ್ಲಿ? ಇಂದು ಚೀಲದಿಂದ ತಟ್ಟೆಯಂಥ ಡಿಸ್ಕನ್ನು ತೆಗೆದು, ತಿರುಗಿ, ಮಣಿಕಟ್ಟು ಬೀಸಿದಳು. ಅದು ಮಾವಿನ ಕೊಂಬೆಯಡಿ ನುಸುಳಿ, ಮನೆಯ ದಾರಿ ಬಲ್ಲ ಗಿಳಿಯ ಹಾಗೆ ಹುಣಸೆ ಮರವನ್ನು ಬಳಸಿಕೊಂಡು ಹಾರಿ, ಅದರ ಹಿಂದೆ ಅವಳೇ ನಿಲ್ಲಿಸಿದ್ದ ಗುರಿಬುಟ್ಟಿಯ ಮೇಲೆ ತೂಗುವ ಸರಪಳಿಗಳಿಗೆ ಝಣ್ಣೆಂದು ಬಡಿದು ಒಳಗೆ ಬಿತ್ತು.

“ಅಬ್ಬಬ್ಬಾ!” ಮೇಡಂ ಚಪ್ಪಾಳೆ ತಟ್ಟಿದರು. “ಅಜ್ಜಾರ, ಈ ಹುಣಸೀ ಗಿಡ ಹಿಂಗ ಇರ್ತದಲ್ರೀ? ಗಿಡ ಅಡ್ಡ ಬಂದ್ರನ ಈ ಆಟಕ್ಕ ರುಚಿ. ಪಂದ್ಯ ಇಲ್ಲೇ ಮಾಡೂಣ್ರೀ!”

ಮುನಿಶಾಮಪ್ಪ ಮೇಡಂ ಮುಖ ನೋಡಿದ, ಮರ ನೋಡಿದ, ಕಡೆಗೆ ಜೆಸಿಬಿಯವನ ಕಡೆ ತಿರುಗಿದ. “ಎಂಗೂ ಬಂದಿದ್ದೀಯಲ್ಲಪ್ಪಾ, ಅಲ್ಲಿ ಬರಿದಾಗಿರೋ ಕಡೆ ನಾಕು ಗುಂಡಿ ತೋಡ್ಬಿಡು. ಇನ್ನೂ ನಾಕು ಸಸಿ ನೆಡಾನ.”