ಹನ್ನೊಂದು ಗೇಟುಗಳ ಸುತ್ತು

"ಪಕ್ಕಕ್ಕೆ ಸೈಲೆನ್ಸರ್ ಇಡಿಸ್ಕೊಂಡು ಯಾರನ್ನ ಹೆದರಿಸೋಕೆ ಹೊರಟಿದ್ದೀಯ ಮಾರಾಯ್ತಿ? ಇದನ್ನ ಕೇಳ್ಕೊಂಡು ಬರೋರು ಇಪ್ಪತ್ತರ ಹುಡುಗ್ರು, ಊರೆಲ್ಲ ಗುಡುಗ್ಬೇಕು ಅಂತ." ಗ್ಯಾರೇಜಿನ ಲಿಫ್ಟಿನ ಮೇಲೇರಿ ನಿಂತಿದ್ದ ಡೀಸೆಲ್ ಪಿಕಪ್ಪಿನ ಹೊಟ್ಟೆಗೆ ಟಾರ್ಚು ಬಿಡುತ್ತ ರೆಕ್ಸ್ ಹ್ಯಾಡ್ರಿಕ್ ನಕ್ಕ. ಒರೊರೂ ಊರಿನ ಸುತ್ತಮುತ್ತ ಅಳತೆಗೆ ತಕ್ಕಂತೆ ಹೊಗೆಕೊಳವೆ ಬಗ್ಗಿಸಿ ಕೊಡುವವನು ಅವನೊಬ್ಬನೇ.

"ಗುಡುಗೋದು ಬೇಡ. ಸದ್ದು ಈಗಿರೋಷ್ಟೇ ಇರ್ಲಿ," ಎಂದಳು ಲಿನೆಟ್ ಷಿರ್ಮರ್. ಅವಳಿಗೆ ಐವತ್ತೆರಡು ವರ್ಷ, ಎರಡು ಸಾವಿರ ಕುರಿಗಳ ಒಡತಿ. "ಹೊಗೆ ಮಾತ್ರ ಹಿಂದಕ್ಕೆ ಹೋಗ್ಬಾರ್ದು. ಹಿಂದೆ ಅಪ್ಪ ನಿಂತಿರ್ತಾನೆ."

ರೆಕ್ಸನ ನಗು ನಿಂತಿತು. ಬಿಡಿಸಿ ಹೇಳಬೇಕಾದ ಅಗತ್ಯ ಅಲ್ಲಿರಲಿಲ್ಲ. ಗಾಡಿ ಓಡಿಸುವವರು ಕೂತಿರಬೇಕು, ಪಕ್ಕದಲ್ಲಿ ಕೂತವರು ಇಳಿದು ಗೇಟು ತೆಗೆಯಬೇಕು. ಆ ಸೀಮೆಯಲ್ಲಿ ಪಾದ್ರಿಯಾದರೂ ಇದಕ್ಕೆ ಹೊರತಲ್ಲ. ಎಪ್ಪತ್ತೊಂಬತ್ತರ ಎರ್ವಿನ್ ಷಿರ್ಮರ್ ಉಣ್ಣೆ ಕತ್ತರಿಸುವುದನ್ನು ಬಿಟ್ಟಿದ್ದ, ಬೇಲಿ ಕಟ್ಟುವುದನ್ನು ಬಿಟ್ಟಿದ್ದ, ಕಡೆಗೆ ಸ್ಟಿಯರಿಂಗನ್ನೂ ಮಗಳಿಗೆ ಬಿಟ್ಟುಕೊಟ್ಟಿದ್ದ. ಉಳಿದದ್ದು ಗೇಟುಗಳು. ದಿನವೂ ಬೆಳಿಗ್ಗೆ ನೀರಿನ ತೊಟ್ಟಿಗಳನ್ನು ನೋಡಿಬರುವ ಸುತ್ತಿನಲ್ಲಿ ಹನ್ನೊಂದು ಗೇಟು. ತೆಗೆದ ಗೇಟನ್ನು ಹಿಡಿದೇ ನಿಲ್ಲಬೇಕು, ಬಿಟ್ಟರೆ ಗಾಳಿ ತಂದು ಗಾಡಿಗೆ ಬಡಿಯುತ್ತದೆ. ನಿಂತ ಗಾಡಿ ಮತ್ತೆ ಹೊರಟು ದಾಟುವ ಆ ಕ್ಷಣದಲ್ಲೇ ಕಪ್ಪು ಹೊಗೆ ಉಗುಳುತ್ತದೆ. ಎರ್ವಿನ್ ಪ್ರತಿ ಗೇಟಿನಲ್ಲೂ ಬಾಗಿ ಕೆಮ್ಮಿ, ಬಂದು ಕೂತು, ಏನೂ ಆಗದವನಂತೆ ಕುರಿಗಳ ಮಾತೆತ್ತುತ್ತಿದ್ದ. ಅವನ ಶ್ವಾಸಕೋಶದ ಚಿತ್ರ ನೋಡಿದ ವೈದ್ಯೆ, ಹೊಗೆ ನಿಲ್ಲದಿದ್ದರೆ ಈ ಚಳಿಗಾಲ ದಾಟುವುದು ಕಷ್ಟವೆಂದಿದ್ದಳು.

"ಕೂತಿರು, ನಾನೇ ತೆಗೀತೀನಿ ಅಂತ ಹೇಳೋಕೆ ಆಗಲ್ವಾ?" ಎಂದ ರೆಕ್ಸ್.

"ಹೇಳಿದೆ. ಹಾಗಿದ್ರೆ ನಾನ್ಯಾಕೆ ಬರ್ಲಿ, ನಾಯೀನ ಕೂರಿಸ್ಕೊಂಡು ಹೋಗು ಅಂದ."

ರೆಕ್ಸ್ ಬಳಪ ತೆಗೆದು ನೆಲದ ಮೇಲೆ ಕೂತ. "ಸುತ್ತು ಬರೀತೀನಿ. ಯಾವ ಗೇಟು ಯಾವ ಕಡೆ ತೆರ್ಕೊಳತ್ತೆ, ಹೇಳು." ಅವಳು ಕಣ್ಣು ಮುಚ್ಚಿ, ಒಂದೊಂದೇ ಗೇಟನ್ನು ಮನಸ್ಸಿನಲ್ಲಿ ದಾಟುತ್ತ ಹೇಳಿದಳು. ಏಳು ಗೇಟುಗಳು ಎಡಕ್ಕೆ ತೆರೆಯುವಂಥವು, ನಾಲ್ಕು ಬಲಕ್ಕೆ; ತೆರೆದ ಬದಿಯಲ್ಲೇ ಎರ್ವಿನ್ ನಿಲ್ಲುವುದು. ಕೊಳವೆ ಬಲಬದಿಗೆ ಬಂದರೆ ಏಳು ಕಡೆ ಎರ್ವಿನ್ ಹೊಗೆಯಿಂದ ಪಾರು. ಉಳಿದ ನಾಲ್ಕು ಕಡೆ, ಹೊಗೆ ನೇರ ಅವನ ಮುಖಕ್ಕೇ.

"ಕೊಳವೆ ಬಾಯಿ ನೆಲಕ್ಕೆ ತಿರುಗ್ಸಿದ್ರೆ?"

"ಒಣಹುಲ್ಲು ಹೊತ್ಕೊಳತ್ತೆ. ನಿನ್ನ ಜೊತೆ ಪಕ್ಕದೋರ ಗೋಧಿಯೂ ಹೋಗತ್ತೆ." ರೆಕ್ಸ್ ಆ ನಾಲ್ಕು ಗುರುತುಗಳನ್ನು ಬಹಳ ಹೊತ್ತು ನೋಡಿದ. "ಏಳು ಕಡೆ ಪಾರಾಗ್ತಾನಲ್ಲ, ಅಷ್ಟಾದ್ರೂ ಆಗ್ಲಿ," ಎಂದು ಎದ್ದ. ಸಂಜೆಯೊಳಗೆ ಹಳೆಯ ಕೊಳವೆಯನ್ನು ಕೊಯ್ದು, ಹೊಸದನ್ನು ಬಗ್ಗಿಸಿ, ಹಿಂಬದಿಯ ಬಲಚಕ್ರದ ಮುಂದೆ ಹೊರಬರುವಂತೆ ಬೆಸೆದುಕೊಟ್ಟ. ಅದು ಶುಕ್ರವಾರ. ಶನಿವಾರ ಮಳೆ ಬಂದು ತೊಟ್ಟಿಗಳು ತುಂಬಿದ್ದರಿಂದ ಸುತ್ತು ಇರಲಿಲ್ಲ. ಭಾನುವಾರ ಷಿರ್ಮರ್ ಮನೆಯವರು ಯಾವತ್ತಿನಂತೆ ಚರ್ಚಿಗೆ ಹೋಗಿ, ಅಲ್ಲೇ ಊಟ ಮುಗಿಸಿ ಬಂದರು.

ಸೋಮವಾರ ಬೆಳಿಗ್ಗೆ ಮೊದಲ ಎರಡು ಗೇಟುಗಳನ್ನು ಕೆಮ್ಮಿಲ್ಲದೆ ದಾಟಿದರು. ಮೂರನೆಯದು ಬಲಕ್ಕೆ ತೆರೆಯುವ ಗೇಟು. ಲಿನೆಟ್ ದೂರದಲ್ಲೇ ಗಾಡಿ ನಿಲ್ಲಿಸಿ, ಇದೊಂದನ್ನು ನಾನೇ ತೆಗೆಯುತ್ತೇನೆಂದು ಬಾಯಿ ತೆರೆಯುವಷ್ಟರಲ್ಲಿ ಎರ್ವಿನ್ ಇಳಿದಾಗಿತ್ತು. ಅಭ್ಯಾಸಬಲದಿಂದ ಎಡಗಡೆಯ ಕಂಬಕ್ಕೆ ಕೈಹಾಕಿದ, ಅಲ್ಲಿ ಚಿಲಕವಿರಲಿಲ್ಲ. ಅರೆಗಳಿಗೆ ತಡಕಾಡಿ, ಬಲಗಡೆಯ ಕಂಬಕ್ಕೆ ಹೋಗಿ ಚಿಲಕ ಎತ್ತಿದ. ಗೇಟು ಎಡಕ್ಕೆ ತೆರೆದುಕೊಂಡಿತು.

ಲಿನೆಟ್ ಎರಡೂ ಕೈಗಳಿಂದ ಸ್ಟಿಯರಿಂಗನ್ನು ಬಿಗಿಹಿಡಿದು ದಾಟಿದಳು. ಎಡಗಡೆಯ ಕಂಬಕ್ಕೆ ಬದಲಾಗಿದ್ದ ಕೀಲುಗಳಿಗೆ ಹಚ್ಚಿದ್ದ ಗ್ರೀಸು ಇನ್ನೂ ಹಸಿಯಾಗಿತ್ತು.

ಎರ್ವಿನ್ ಬಂದು ಕೂತ. "ರೆಕ್ಸನ ಕೆಲ್ಸ," ಎಂದ. "ಮೇಲಿನ ಕೀಲನ್ನ ಕೆಳಮುಖ ಹಾಕೋನು ಅವ್ನೊಬ್ನೇ. ಟಗರು ಗುಮ್ಮಿ ಮೇಲೆತ್ತಿದ್ರೂ ಕಳಚ್ಕೊಳಲ್ಲ. ಇನ್ನೆಷ್ಟಿವೆ ಹಿಂಗೆ?"

"ಇನ್ನೂ ಮೂರು ಇರ್ಬೇಕು. ಅಪ್ಪ, ದೇವ್ರಾಣೆ ನಂಗೆ ಗೊತ್ತಿರ್ಲಿಲ್ಲ," ಎಂದಳು.

"ನಾವು ಚರ್ಚಲ್ಲಿ ಹಾಡ್ತಿದ್ದಾಗ ಅವ್ನು ಇಲ್ಲಿ ಕಂಬ ಕೊರೀತಿದ್ದ ಅನ್ನು. ಒಂದು ಕುರಿ ಕಡಿಸಿ ಕಳ್ಸು ಅವ್ನಿಗೆ. ಅರ್ಧ ಅಲ್ಲ, ಇಡೀದು."

"ಯಾಕೆ ಅಂತ ಕೇಳಿದ್ರೆ?"

"ಗೇಟು ಚೆನ್ನಾಗಿ ತಿರುಗತ್ತೆ ಅನ್ನು. ಅವ್ನಿಗೆ ಅರ್ಥ ಆಗತ್ತೆ."

ಹನ್ನೊಂದನೆಯ ಗೇಟು ಹಳ್ಳದ ದಂಡೆಯಲ್ಲಿ, ದೊಡ್ಡ ನೀಲಗಿರಿ ಮರದಡಿ. ಗಾಡಿ ದಾಟಿಸಿ ಲಿನೆಟ್ ಕನ್ನಡಿಯಲ್ಲಿ ನೋಡಿದಳು. ಹೊಗೆಯ ಬದಲು ಅಲ್ಲಿ ಅಪ್ಪ ಪೂರ್ತಿಯಾಗಿ ಕಂಡ: ಟೋಪಿ ಕೈಯಲ್ಲಿ, ಮುಖ ಮೇಲಕ್ಕೆ. ಗೇಟು ಹಾಕಿ ಬರಲು ಅವನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಅವಳು ಹಾರ್ನ್ ಮಾಡಲಿಲ್ಲ.

"ಮರ ಘಂ ಅಂತಿದೆ ಕಣೆ," ಎಂದ, ಕೂತು ಬಾಗಿಲೆಳೆದುಕೊಳ್ಳುತ್ತ. "ಅದಕ್ಕೆ ವಯಸ್ಸಾಗಿ ವಾಸನೆ ಬತ್ತಿಹೋಗಿದೆ ಅಂದ್ಕೊಂಡಿದ್ದೆ."