ಡಾರ್ಸಿಯ ದಾಖಲೆ

ಫೈನಲ್ ಶುರುವಾಗಲು ಹತ್ತೇ ನಿಮಿಷವಿದ್ದಾಗ ಕೋಚ್ ಡಾರ್ಸಿ ನ್ಯಾನ್ಕರ್ವಿಸ್ ಎಲ್ಲರೆದುರಿಗೇ ರೀಸ್‌ನ ಹೆಸರನ್ನು ತಂಡದಿಂದ ಹೊಡೆದುಹಾಕಿದ.

ಗ್ಲೆನಿಸ್ ಪೋಲ್ನರ್ ಆಟಗಾರರ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ವಾರನೂಕ್ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷೆ ಅವಳು. ರೀಸ್‌ನ ತಾಯಿಯೂ ಅವಳೇ.

"ಏನೋ ಇದು, ಡಾರ್ಸಿ?"

"ಅವನನ್ನ ಆಡಿಸಲ್ಲ. ಇವತ್ತು ಅವನ ತಲೆ ನೆಟ್ಟಗಿಲ್ಲ."

ನಿಜವಾದ ಕಾರಣ ಅವಳಿಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಗೋಧಿ ಬೆಳೆಯುವ ಈ ಮೂಲೆಯಿಂದ ಮೆಲ್ಬರ್ನ್‌ಗೆ, ಚೆಂಡನ್ನು ಕೈಯಲ್ಲೂ ಹಿಡಿದಾಡುವ ಆಸ್ಟ್ರೇಲಿಯನ್ ಫುಟ್‌ಬಾಲ್‌ನ ದೊಡ್ಡ ಲೀಗ್‌ಗೆ ಹೋಗಿ ಆಡಿದವನು ಡಾರ್ಸಿಯೊಬ್ಬನೇ. ಇಪ್ಪತ್ತೆಂಟನೇ ವಯಸ್ಸಿಗೇ ಆಟ ಬಿಟ್ಟು ಮರಳಿದ. ಯಾಕೆಂದು ಕೇಳಿದವರ ಮೇಲೆ ಹರಿಹಾಯ್ದ. ಕೋಚ್ ಆದ. ಊರು ಬಿಡುವ ಮುಂಚೆ ಒಂದೇ ವರ್ಷದಲ್ಲಿ ಅವನು ಹೊಡೆದ ಗೋಲುಗಳ ದಾಖಲೆಯನ್ನು ಈವರೆಗೆ ಯಾರೂ ಮುಟ್ಟಿರಲಿಲ್ಲ. ಅದನ್ನು ಮುರಿಯಲು ರೀಸ್‌ಗೆ ಇನ್ನೆರಡು ಗೋಲು ಸಾಕಿತ್ತು.

ಸಾಲದ್ದಕ್ಕೆ, ಈಗಷ್ಟೇ ಮೈದಾನದಲ್ಲಿ ಮೈ ಬಿಸಿ ಮಾಡಿಕೊಳ್ಳುವಾಗ ಹುಡುಗ ಗೆಳೆಯನ ಭುಜ ಹತ್ತಿ ಹಾರಿ, ಗಾಳಿಯಲ್ಲೇ ಚೆಂಡು ಹಿಡಿದು, ಅಂಗಾತ ಬಿದ್ದು ತಲೆ ನೆಲಕ್ಕೆ ಬಡಿದರೂ ಚೆಂಡು ಬಿಡದೆ ನಗುತ್ತ ಎದ್ದಿದ್ದ. ಸುತ್ತ ನಿಂತ ಪ್ರೇಕ್ಷಕರ ಕಾರುಗಳೆಲ್ಲ ಮೆಚ್ಚುಗೆಯ ಹಾರ್ನ್ ಬಾರಿಸಿದ್ದವು. ತನಗಾಗಿ ಅಂಥ ಹಾರ್ನ್ ಕೇಳಿ ಡಾರ್ಸಿಗೆ ಎಷ್ಟು ವರ್ಷವಾಗಿತ್ತೋ!

"ನಿನಗೆ ಹೊಟ್ಟೆಕಿಚ್ಚು," ಎಂದಳು ಗ್ಲೆನಿಸ್.

"ಸ್ವಲ್ಪ ಕೇಳು, ಗ್ಲೆನಿಸ್..."

"ಆ ವಯಸ್ಸಲ್ಲಿ ನೀನು ಮೆರೀಲಿಲ್ವಾ?"

"ಮೆರೆದೆ. ನನ್ನನ್ನ ಯಾರೂ ತಡೀಲಿಲ್ಲ."

ಅವಳು ಮಗನತ್ತ ತಿರುಗಿದಳು. "ಚೆನ್ನಾಗಿದೀಯಲ್ಲೋ?"

"ಚೆನ್ನಾಗೇ ಇದೀನಮ್ಮ. ಆಡ್ತೀನಿ." ರೀಸ್ ನಕ್ಕ.

"ಕೇಳಿಸ್ತಾ? ಅವನು ಆಡದಿದ್ರೆ ಇವತ್ತಿಗೇ ನಿನ್ನ ಕೆಲಸ ಹೋಯ್ತು ಅಂದ್ಕೋ."

"ಹೋಗ್ಲಿ. ಆಟ ಮುಗಿಯೋ ಸೈರನ್‌ವರೆಗೂ ಕೋಚ್ ನಾನೇ."

ಮಾತು ಬದಲಿಸುವ ಜಾಯಮಾನ ಅವನದಲ್ಲ. ಆಟವಿಡೀ ರೀಸ್‌ನನ್ನು ಬೆಂಚಿನ ಮೇಲೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಹುಡುಗ ಒಮ್ಮೆ ಎದ್ದು ಮೈದಾನದತ್ತ ಹೊರಟಾಗ ತೋಳು ಹಿಡಿದು ಜಗ್ಗಿ ಕೂರಿಸಿದ. ಬೇಲಿಯ ಆಚೆಯಿಂದ ಬೈಗುಳ ಬಂತು. "ಮುದಿಯಾ, ನಿನ್ನ ದಾಖಲೆ ತಗೊಂಡೋಗಿ ಗೋರಿಯಲ್ಲಿ ಇಟ್ಕೋ!" ಯಾರೋ ಎಸೆದ ಅರ್ಧ ತಿಂದ ಮಾಂಸದ ಪೈ ಅವನ ಕೋಟಿಗೆ ಬಡಿಯಿತು. ಡಾರ್ಸಿ ಒರೆಸಿಕೊಳ್ಳಲಿಲ್ಲ. ಹಿಂತಿರುಗಿ ನೋಡಲೂ ಇಲ್ಲ.

ವಾರನೂಕ್ ನಾಲ್ಕು ಅಂಕಗಳಿಂದ ಸೋತಿತು. ಆರು ಅಂಕದ ಇನ್ನೊಂದೇ ಗೋಲು ಬಿದ್ದಿದ್ದರೆ ಕಪ್ ಅವರದಾಗುತ್ತಿತ್ತು. ಎದುರಾಳಿಗಳು ಹುಲ್ಲಿನ ಮೇಲೆ ಉರುಳಾಡಿ ಕುಣಿಯುತ್ತಿದ್ದರು.

ಗ್ಲೆನಿಸ್ ನೆಟ್ಟಗೆ ಬೆಂಚಿನ ಬಳಿ ಬಂದಳು.

"ಸೈರನ್ ಆಯ್ತು. ತೊಲಗು."

"ಹೋಗ್ತೀನಿ. ಕಾರು ತಂದು ಗೇಟಲ್ಲಿ ನಿಲ್ಲಿಸಿದ್ದಾರೆ. ಇವನನ್ನೂ ಕರ್ಕೊಂಡು ಹೋಗ್ತೀನಿ."

"ಎಲ್ಲಿಗೆ, ಪಬ್ಬಿಗಾ? ಒಂದು ಬಿಯರ್ ಕುಡಿಸಿ ರಾಜಿ ಮಾಡ್ಕೊಳ್ಳೋಕಾ? ನನ್ನ ಮಗನ ಮೈ ಮುಟ್ಟಿದ್ರೆ ನೋಡು!"

"ಕಪ್ ಹೋಗಿದ್ದಕ್ಕೆ ಬೇಕಾದ್ರೆ ಜೀವನಪೂರ್ತಿ ಬೈಯಿ. ಈಗ ದಾರಿ ಬಿಡು, ಗ್ಲೆನಿಸ್." ಡಾರ್ಸಿ ಹುಡುಗನ ಹೆಗಲಿನಿಂದ ಕೈ ತೆಗೆಯಲಿಲ್ಲ.

ಅವಳು ಆ ಕೈಯನ್ನು ಕಿತ್ತೆಸೆದು ಮಗನ ಮುಂದೆ ಮಂಡಿಯೂರಿದಳು. "ನಡಿ ಮಗಾ, ಮನೆಗೆ ಹೋಗೋಣ. ಮುಂದಿನ ವರ್ಷ ಬೇರೆ ಕೋಚ್ ಇರ್ತಾರೆ."

ರೀಸ್ ಮುಖ ಎತ್ತಿದ. ಖಾಲಿಯಾಗುತ್ತಿದ್ದ ಮೈದಾನವನ್ನು ನೋಡಿದ, ಆಮೇಲೆ ಅವಳನ್ನು ನೋಡಿ ನಕ್ಕ.

"ಅಮ್ಮಾ, ಮ್ಯಾಚ್ ಯಾವಾಗ ಶುರು?"